ನಿಮ್ಮ ತಕರಾರು ಏನ್ರಿ?

ಗೆಳತಿಯರೇ, ಅಫಜಲಪುರದ ನರ್ಸಿಂಗ್ ತರಬೇತಿಯಲ್ಲಿ ಇವತ್ತು ನಾನು ನಗೆಪಾಟಲಾದೆ. ಹವಳಗಾದ ಮುದುಕಿಯೊಬ್ಬಳು ಸೊಸೆಯನ್ನು ಹಿಡಿದುಕೊಂಡು ಕುಂಟುತ್ತಾ ಬಂದಳು. ಸಿರಿಂಜು ಕುದಿಸುತ್ತಿದ್ದ ಸಿಸ್ಟರ್, "ಕಂಪ್ಲೇಂಟ್ ಏನು ಕೇಳು" ಎಂದರು. ಆ ಇಂಗ್ಲಿಷ್ ಪದ ಅವಳಿಗೆ ತಿಳಿಯಲಿಕ್ಕಿಲ್ಲವೆಂದು ನಾನು, "ಆಯಿ, ನಿಮ್ಮ ತಕರಾರು ಏನ್ರಿ?" ಎಂದೆ.

ಮುದುಕಿ ಗಾಬರಿಯಾದಳು. "ಯಾರ್ ಹೇಳ್ಯಾರ ನಿಮಗ? ನಂದೇನೂ ತಕರಾರಿಲ್ಲವ್ವಾ. ಸೊಸಿ ಮಗಳಗತೆ ನೋಡ್ಕೋತಾಳ."

ಸಿಸ್ಟರ್ ನಕ್ಕು, "ಏನ್ ಆರಾಮಿಲ್ಲ ಅಂತ ಕೇಳ್ಬೇಕವಾ" ಎಂದು ತಿದ್ದಿದರು. ಆಗ ಮುದುಕಿ ಹುಣ್ಣಾದ ಹಿಮ್ಮಡಿ ತೋರಿಸಿದಳು. ಸೊಸೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಪಟ್ಟಿ ಕಟ್ಟಿಸಿಕೊಂಡು ಹೋಗುವಾಗ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು: "ಅಕ್ಕೋರ, ಅತ್ತಿ ಮನ್ಯಾಗ ಒಮ್ಮಿನೂ ನನಗ ಮಗಳಗತೆ ಅಂತ ಅಂದಿಲ್ಲ. ಪಟ್ಟಿ ಬಿಚ್ಚಾಕ ಬಂದಾಗೂ ತಕರಾರೇ ಕೇಳ್ರಿ."

ಇನ್ನು ಸಿಸ್ಟರ್ ಇಲ್ಲದ ಹೊತ್ತು ನೋಡಿ ಕೇಳಬೇಕು.