ಕಬಡ್ಡಿಯ ಮುಗ್ಗು

ನಮ್ಮೂರಲ್ಲಿ ಹೆಂಗಸರ ಆಟ ಎಂದರೆ ರಂಗೋಲಿ. ಸಂಕ್ರಾಂತಿ ಬಂತೆಂದರೆ ಗಂಡಸರಿಗೆ ಕ್ರಿಕೆಟ್ಟು, ವಾಲಿಬಾಲು. ಎತ್ತುಗಳಿಗೆ ಬಂಡೆ ಎಳೆಯುವ ಪಂದ್ಯ. ಹೆಂಗಸರಿಗೆ ಮುಗ್ಗಿನ ಪೋಟಿ. ರಂಗೋಲಿಗೆ ಆಂಧ್ರದ ಗಡಿಯ ನಾವು ತೆಲುಗಿನವರಂತೆ ಮುಗ್ಗು ಎನ್ನುತ್ತೇವೆ, ಪಂದ್ಯಕ್ಕೆ ಪೋಟಿ ಎನ್ನುತ್ತೇವೆ. ಎತ್ತನ್ನಾದರೂ ನಾಲ್ಕು ಹೆಜ್ಜೆ ನಡೆಯಲು ಬಿಡುತ್ತಾರೆ. ನಮ್ಮನ್ನು ಕುಕ್ಕರಗಾಲಲ್ಲಿ ಕೂಡಿಸುತ್ತಾರೆ. ಗೆದ್ದವಳಿಗೆ ಒಂದು ಸ್ಟೀಲ್ ಡಬ್ಬಿ. ನನ್ನ ಅಡುಗೆಮನೆಯ ಗೂಡಿನಲ್ಲಿ ಅಂಥ ಡಬ್ಬಿಗಳು ಸಾಲಾಗಿ ಕೂತಿವೆ. ಒಂದರಲ್ಲಿ ಜೀರಿಗೆ, ಒಂದರಲ್ಲಿ ಸಾಸಿವೆ, ಉಳಿದವು ಖಾಲಿ. ನನ್ನ ಕೈಯ ಗೆರೆ ಸೊಟ್ಟ ಆಗುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ಈಗಲೂ ಆಗುವುದಿಲ್ಲ. ಮೊಣಕಾಲು ಮಾತ್ರ ಹೋಗಿವೆ.

ನಾನು ಓದಿದ್ದು ಮೂರನೇ ಕ್ಲಾಸು. ಹೋದ ಸಂಕ್ರಾಂತಿಯ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಬಾಯಲ್ಲಿ ಹೇಳಿದರೆ ಮುದುಕಿ ಗೊಣಗುತ್ತಾಳೆ ಎಂದು ಎದ್ದು ಹೋಗುತ್ತಾರೆ.

ನನ್ನ ಮಗನ ಮಗಳು ಇಂಟರ್, ಅಂದರೆ ಹನ್ನೆರಡನೇ ಕ್ಲಾಸು, ಮುಗಿಸಿದವಳು. ನನ್ನನ್ನು ಜೇಜಿ ಎನ್ನುತ್ತಾಳೆ. ಅಜ್ಜಿಗೆ ಈ ಕಡೆ ತೆಲುಗಿನ ಆ ಮಾತೇ ಓಡುತ್ತದೆ. ಶಾಲೆಯಲ್ಲಿ ಕಬಡ್ಡಿ ಕಲಿತಳು, ಶಾಲೆ ಬಿಟ್ಟ ಮೇಲೂ ಕಬಡ್ಡಿ ಬಿಡಲಿಲ್ಲ. ಊರಿನ ಹುಡುಗಿಯರನ್ನು ಕೂಡಿಹಾಕಿ ತಾನೇ ಕಲಿಸತೊಡಗಿದಳು. ಎಲ್ಲರೂ ಕೂಲಿಯವರ ಮಕ್ಕಳು. ರಜೆ ಸಿಕ್ಕರೆ ತಾಯಂದಿರ ಜೊತೆ ಆಟೋದಲ್ಲಿ ಕೂತು ಹತ್ತಿ ಬಿಡಿಸಲು, ಮೆಣಸಿನಕಾಯಿ ಹರಿಯಲು ಹೋಗುವವರು. ಸಂಜೆ ಬಂದು, ಖಾರದ ಕೈಗೆ ಮಜ್ಜಿಗೆ ಹಚ್ಚಿಕೊಂಡು ಆಟಕ್ಕೆ ಓಡುತ್ತಿದ್ದರು.

ಆಡಲು ಜಾಗ ಎಲ್ಲಿತ್ತು? ಶಾಲೆಯ ಬಯಲು ಕ್ರಿಕೆಟ್ಟಿನವರದು. ಚಾವಡಿಯ ಮುಂದಿನ ಕಟ್ಟೆ ಇಸ್ಪೀಟಿನವರದು. ಉಳಿದದ್ದು ನೀರಿನ ಟ್ಯಾಂಕಿನ ಹಿಂದೆ ಪಂಚಾಯ್ತಿಯ ಒಂದು ತುಂಡು ನೆಲ. ಜಾಲಿ ಬೆಳೆದಿತ್ತು, ಒಡೆದ ಬಾಟಲಿ ಬಿದ್ದಿದ್ದವು, ಕಾಲು ಸಿಕ್ಕಿಬೀಳುವಷ್ಟು ಎರೆಮಣ್ಣಿನ ಬಿರುಕು. ಹುಡುಗಿಯರು ಜಾಲಿ ಕಡಿದರು, ಗಾಜು ಆರಿಸಿದರು, ಹಳ್ಳದ ದಂಡೆಯ ಕೆಂಪು ಗರಸನ್ನು ಬುಟ್ಟಿಯಲ್ಲಿ ಹೊತ್ತು ತಂದು ಸುರಿದರು, ನೀರು ಹೊಡೆದು ದಮ್ಮಸು ಹಾಕಿದರು. ದಸರೆಗೆ ಹಿಡಿದ ಕೆಲಸ ದೀಪಾವಳಿ ದಾಟಿತು. ಗಂಡುಹುಡುಗರು ಮೋಟಾರ್ ಸೈಕಲ್ ಮೇಲೆ ಕೂತು ನೋಡುತ್ತಿದ್ದರು. ಒಬ್ಬನೂ ಇಳಿದು ಬಂದು ಒಂದು ಬುಟ್ಟಿ ಎತ್ತಿಸಲಿಲ್ಲ.

ನೆಲ ಅಂಗೈಯಂತಾದ ಮೇಲೆ ಎಲ್ಲರ ಬಾಯಿ ಬಿಚ್ಚಿತು. ಹುಡುಗಿಯರು ಪ್ಯಾಂಟು ಹಾಕುತ್ತಾರಂತೆ. ಬಿದ್ದು ಹೊರಳುತ್ತಾರಂತೆ. ಮೈಮುರಿದು ಆಡಿದರೆ ನಾಳೆ ಬಸಿರು ನಿಲ್ಲುವುದಿಲ್ಲವಂತೆ. ಈ ಮಾತು ಹೇಳಿದವಳು ಯಾರೆಂದರೆ, ತುಂಬು ಬಸಿರಿನಲ್ಲಿ ತಲೆಯ ಮೇಲೆ ಹತ್ತಿಯ ಮೂಟೆ ಹೊತ್ತವಳು. ಮೂಟೆ ಹೊತ್ತರೆ ಕೆಡದ ಗರ್ಭ ಕಬಡ್ಡಿ ಆಡಿದರೆ ಕೆಡುತ್ತದೆ! ನಾನು ಅವಳ ಮುಖಕ್ಕೇ ಕೇಳಿದೆ. ಅವಳು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಬಿಡಲಿ.

ಮೊಮ್ಮಗಳಿಗೆ ಆದೋನಿಗೆ ಹೋಗಿ ಆಟ ಕಲಿಸುವ ಕೋರ್ಸು ಓದಬೇಕು, ಮುಂದೆ ಎಲ್ಲಾದರೂ ಶಾಲೆಯಲ್ಲಿ ಆಟದ ಟೀಚರ್ ಆಗಬೇಕು ಎಂದು ಆಸೆ. ನನ್ನ ಮಗ ಕೆಟ್ಟವನಲ್ಲ, ಅಂಜುಬುರುಕ. ಊರು ಏನನ್ನುತ್ತದೆ ಎಂದು ನೋಡಿ ಆಮೇಲೆ ಉಣ್ಣುವವನು. ದೇವನಕೊಂಡದ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಅವನು ಮಗಳಿಗೆ ಹೇಳಿದ: ಈ ಸಂಕ್ರಾಂತಿಗೆ ಊರ ಮುಂದೆ ನಿನ್ನ ಹುಡುಗಿಯರನ್ನು ಆಡಿಸು, ಯಾರೂ ಏನೂ ಅನ್ನದಿದ್ದರೆ ಓದಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಉಗಾದಿ ಕಳೆದ ಮೇಲೆ ಮದುವೆ. ಅವಳು ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ?

ಹಬ್ಬದ ಕಮಿಟಿಗೆ ನನ್ನ ಮೈದುನನೇ ದೊಡ್ಡವನು. ನಾನೇ ಚಾವಡಿಗೆ ಹೋಗಿ ಕೇಳಿದೆ, ಹುಡುಗಿಯರ ಆಟಕ್ಕೆ ಒಂದು ತಾಸು ಕೊಡು ಎಂದು.

"ಹೆಂಗಸರಿಗೆ ಮುಗ್ಗು ಇಟ್ಟೀವಲ್ಲ ಅತ್ತಿಗಿ. ಅದೂ ಆಟನ ಅಲ್ಲೇನು?"

"ಆಟ ಆದ್ರ ಈ ಸಲ ನೀನೂ ಬಂದು ಕುಂದರು. ಗಂಡಸರಿಗೂ ಒಂದು ಡಬ್ಬಿ ಇಡು."

ಕಟ್ಟೆಯ ಮೇಲಿದ್ದವರು ನಕ್ಕರು. ಅವನಿಗೆ ನಗು ಬರಲಿಲ್ಲ. ಮುಗ್ಗು ಮುಗಿದ ಮೇಲೆ ನೋಡೋಣ ಎಂದ. ನಾನು ಅದನ್ನೇ ಮಾತೆಂದು ತಿಳಿದು ಮನೆಗೆ ಬಂದೆ.

ಹಬ್ಬದ ದಿನ ಬೆಳಿಗ್ಗೆ ಹುಡುಗಿಯರು ತಮ್ಮ ನೆಲಕ್ಕೆ ನೀರು ಹೊಡೆಯಲು ಹೋದರೆ, ಅಲ್ಲಿ ಕಮಿಟಿಯವರು ಸುಣ್ಣದ ಪುಡಿಯಲ್ಲಿ ಚೌಕ ಚೌಕ ಮನೆ ಹಾಕಿ ಮುಗಿಸಿದ್ದರು. ವರ್ಷ ವರ್ಷ ಗುಡಿಯ ಮುಂದೆ ಆಗುತ್ತಿದ್ದ ಮುಗ್ಗಿನ ಪೋಟಿಯನ್ನು ಈ ವರ್ಷ ಇಲ್ಲಿಗೆ ತಂದಿದ್ದರು. ಯಾಕೆಂದರೆ ಊರಲ್ಲೇ ಸಪಾಟಾದ ನೆಲ ಅದೊಂದೇ. ಗರಸು ಹೊತ್ತವರನ್ನು ಒಂದು ಮಾತು ಕೇಳಲಿಲ್ಲ. ಸಂಕ್ರಾಂತಿಯ ಮುಗ್ಗನ್ನು ನಮ್ಮಲ್ಲಿ ಯಾರೂ ತುಳಿಯುವುದಿಲ್ಲ. ತುಳಿದರೆ ಮನೆಗೆ ಕೇಡು ಎನ್ನುತ್ತಾರೆ. ಮುಗ್ಗು ಬಿದ್ದ ಮೇಲೆ ಮರುದಿನದ ಕನುಮ ಹಬ್ಬ ಮುಗಿಯುವ ತನಕ ಆ ನೆಲದ ಮೇಲೆ ಕಾಲಿಡುವಂತಿಲ್ಲ. ಮುಗ್ಗು ಮುಗಿದ ಮೇಲೆ ನೋಡೋಣ ಎಂದರೆ ಇದೇ ಅರ್ಥ.

ಅಷ್ಟೇ ಆಗಿದ್ದರೂ ಆಗಿತ್ತು. ಮೈಕಿನಲ್ಲಿ ಕೂಗಿದರು, ಆಡುವ ಹುಡುಗಿಯರು ಸೀರೆ ಉಟ್ಟುಕೊಂಡು ಬರಬೇಕು, ಹಬ್ಬಕ್ಕೆ ಬರುವ ದೊಡ್ಡ ಅತಿಥಿಗೆ ಆರತಿ ಹಿಡಿಯಲು ಎಂದು. ಮೊಮ್ಮಗಳು ಅಳಲಿಲ್ಲ. ಪ್ಯಾಂಟಿನ ಮೇಲೇ ಸೀರೆ ಸುತ್ತಿಕೊಂಡು, ತಾಟು ಹಿಡಿದು ಸಾಲಿನಲ್ಲಿ ನಿಂತಳು. ಅವಳ ದವಡೆ ಬಿಗಿದದ್ದನ್ನು ನೋಡಿದೆ. ಆ ದವಡೆ ನಮ್ಮ ಮನೆಯದು.

ಅತಿಥಿ ಕಾರಿನಿಂದ ಇಳಿದು, ಆರತಿ ಮಾಡಿಸಿಕೊಂಡು, ಶಾಮಿಯಾನದ ವೇದಿಕೆ ಏರಿ ಮೈಕು ಹಿಡಿದ. "ಆಡಪಿಲ್ಲಲು ಆಟಲ್ಲೋ ಮುಂದುಕು ರಾವಾಲಿ," ಎಂದ. ಹೆಣ್ಣುಮಕ್ಕಳು ಆಟದಲ್ಲಿ ಮುಂದೆ ಬರಬೇಕಂತೆ. ಬಂದಿದ್ದಾರಲ್ಲಪ್ಪ, ಆರತಿ ತಾಟು ಕೊಟ್ಟು ನೀವೇ ನಿಲ್ಲಿಸಿದ್ದೀರಿ ಎಂದು ಅನ್ನಬೇಕೆನಿಸಿತು. ಮೈಕು ಅವನ ಕೈಯಲ್ಲಿತ್ತು. ನನ್ನ ಕೈಯಲ್ಲಿ ಮುಗ್ಗಿನ ಪುಡಿಯ ಬಟ್ಟಲಿತ್ತು.

ಆಗ ಹೊಳೆಯಿತು. ಪೋಟಿಗೆ ಕೂತವರಲ್ಲಿ ಹೆಚ್ಚಿನವರು ಆ ಹುಡುಗಿಯರ ತಾಯಂದಿರೇ. ಒಬ್ಬೊಬ್ಬರ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ: ನಿನ್ನ ಚೌಕದಲ್ಲಿ ಹೂ ಬೇಡ, ಬಳ್ಳಿ ಬೇಡ, ನಾನು ತೋರಿಸಿದ ಕಡೆ ಒಂದೇ ಒಂದು ಗೆರೆ ಎಳಿ, ಪಕ್ಕದವಳ ಗೆರೆಗೆ ಕೂಡಿಸು. ಮೆಣಸಿನಕಾಯಿ ಹೊಲದಲ್ಲಿ ಸಾಲು ಹಿಡಿದು ಕೆಲಸ ಮಾಡುವ ಹೆಂಗಸರಿಗೆ ಇದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ. ಮಧ್ಯದ ಗೆರೆ ನಾನೇ ಎಳೆದೆ, ಮೊಣಕಾಲು ಊರಿಕೊಂಡು. ಸುಣ್ಣದ ಚೌಕಗಳನ್ನು ಕಸಬರಿಗೆಯಿಂದ ಗುಡಿಸಿಬಿಟ್ಟೆವು. ಅತಿಥಿ ಹೆಣ್ಣುಮಕ್ಕಳ ಬಗ್ಗೆ ಇನ್ನೂ ಮಾತಾಡುತ್ತಿರುವಾಗಲೇ ಕಬಡ್ಡಿಯ ಅಂಕಣ ಉದ್ದಕ್ಕೂ ಬಿತ್ತು.

ಕೂಡದವಳು ಒಬ್ಬಳೇ, ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಅವಳು ಮೂಲೆಯಲ್ಲಿ ಬಣ್ಣದ ನವಿಲು ಹಾಕುತ್ತಿದ್ದಳು. "ಅಕ್ಕಾ, ನನ್ನ ನವಿಲಿನ ತಂಟಿಗೆ ಬರಬ್ಯಾಡ," ಎಂದಳು. ನಾನು ಬರಲಿಲ್ಲ. ನವಿಲು ಗೆರೆಯ ಹೊರಗೇ ಇತ್ತು. ಬಾಲ ಒಂದೇ ಒಳಗೆ ಚಾಚಿತ್ತು.

ಕೊನೆಗೆ ಅಂಕಣದ ನಾಲ್ಕು ಮೂಲೆಗೆ ಗೊಬ್ಬೆಮ್ಮ ಇಟ್ಟೆವು. ಸೆಗಣಿಯ ಉಂಡೆ, ಅದರ ಮೇಲೆ ಕುಂಬಳದ ಹೂ, ಅರಿಶಿನ ಕುಂಕುಮ. ತೆಲುಗಿನ ಸೊಸೆಯಂದಿರ ಜೊತೆ ನಮ್ಮೂರಿಗೆ ಬಂದ ಪದ್ಧತಿ. ಗೊಬ್ಬೆಮ್ಮನ ಸುತ್ತ ಮದುವೆಯಾಗದ ಹುಡುಗಿಯರು ಕುಣಿಯಬೇಕು, ಅವರ ಕಾಲಿಗೆ ಮುಗ್ಗು ತುಳಿದ ದೋಷವಿಲ್ಲ. ಅಲ್ಲಿ ಗಂಡಸರಿಗೆ ಕೆಲಸವಿಲ್ಲ.

ಮೈದುನ ನೋಡಿದ್ದು ಆಗ. ಕಮಿಟಿಯ ನಾಲ್ಕು ಮಂದಿಯನ್ನು ಕಟ್ಟಿಕೊಂಡು ದಡದಡ ಬಂದವನು ಗೆರೆಯ ಹತ್ತಿರ ಗಕ್ಕನೆ ನಿಂತ. ಚಪ್ಪಲಿಯ ತುದಿ ಗೊಬ್ಬೆಮ್ಮನಿಂದ ಗೇಣು ದೂರ. ಹಿಂದೆ ಬಂದವರೂ ನಿಂತರು.

"ಅತ್ತಿಗಿ, ಏನ್ರಿ ಇದು?"

"ಮುಗ್ಗು. ಮಾರ್ಕ್ ಹಾಕು."

"ಇದು ಮುಗ್ಗೇನ್ರಿ? ಅಳಿಸ್ರಿ ಮೊದ್ಲು."

"ನೀನ ಅಳಿಸು. ಒಳಗ ಬಾ. ಕಾಲಿಲೆ ಅಳಿಸು."

ಅವನು ಬರಲಿಲ್ಲ. ಹಬ್ಬದ ದಿನ, ಊರೆಲ್ಲ ನೋಡುತ್ತಿರುವಾಗ, ಅರಿಶಿನ ಕುಂಕುಮ ಬಿದ್ದ ಮುಗ್ಗಿನ ಮೇಲೆ ಕಾಲಿಡುವ ಗಂಡಸು ನಮ್ಮೂರಲ್ಲಿ ಹುಟ್ಟಿಲ್ಲ. ನಾನು ಮೊಮ್ಮಗಳ ಕಡೆ ನೋಡಿದೆ. ಅವಳು ಸಾಲು ಬಿಟ್ಟು ಬಂದಳು. ಅವಳಪ್ಪ ದಾರಿಯಲ್ಲೇ ನಿಂತಿದ್ದ.

"ಅಪ್ಪಾ, ಇದನ್ನ ಸ್ವಲ್ಪ ಹಿಡಿ," ಎಂದು ಆರತಿ ತಾಟನ್ನು ಅವನ ಕೈಗೆ ಕೊಟ್ಟಳು. ದೀಪ ಉರಿಯುತ್ತಿತ್ತು. ಅವನಿಗೆ ಕೆಳಗಿಡಲೂ ಬರಲಿಲ್ಲ, ಹಿಡಿದುಕೊಂಡು ನಿಲ್ಲಲೂ ಬರಲಿಲ್ಲ. ನಿಂತ.

ಅವಳು ಸೀರೆ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. ಉಳಿದವರೂ ಬಿಚ್ಚಿದರು. ಎಲ್ಲರೂ ಒಳಗೆ ಪ್ಯಾಂಟು ಹಾಕಿಕೊಂಡೇ ಬಂದಿದ್ದರು. ಯಾರು ಹೇಳಿದ್ದರೋ, ನಾನಂತೂ ಹೇಳಿರಲಿಲ್ಲ. ಎರಡು ಗುಂಪಾದರು. ಮೊಮ್ಮಗಳು ನಡುಗೆರೆಯ ತುದಿಗೆ ನಿಂತು ಸೀಟಿ ಊದಿದಳು.

ಆಟದ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಧೂಳು ಎದ್ದಿತು, ಮುಗ್ಗು ಮೈಗೆಲ್ಲ ಮೆತ್ತಿತು. ದಿನವೂ ನನ್ನ ಬಾಗಿಲಿಗೆ ಸಕ್ಕರೆ ಕೇಳಲು ಬರುವ ಸಣ್ಣ ಹುಡುಗಿ ಮೂವರನ್ನು ಎಳೆದುಕೊಂಡು ನಡುಗೆರೆ ಮುಟ್ಟಿದಳು. ಮೈದುನ ದಂಡೆಯಿಂದ "ಔಟು, ಔಟು" ಎಂದು ಕೈ ಎತ್ತಿದ.

ಮೊಮ್ಮಗಳು ಅವನ ಕಡೆ ತಿರುಗಿದಳು. "ಔಟ್ ಅಲ್ಲ ತಾತ. ಸೀಟಿ ನನ್ನ ಕೈಯಾಗ ಐತಿ."

ಕೈ ಇಳಿಯಿತು.

ಅಷ್ಟರಲ್ಲಿ ಅತಿಥಿ ಮುಗ್ಗು ನೋಡಲೆಂದು ಬಂದ. ಇದೆಲ್ಲ ಕಮಿಟಿಯೇ ಇಟ್ಟ ಕಾರ್ಯಕ್ರಮ ಎಂದುಕೊಂಡನೋ ಏನೋ, ಮುಗ್ಗಿನಲ್ಲೇ ಅಂಕಣ ಹಾಕಿದ್ದು ಚಾಲಾ ಬಾಗುಂದಿ, ಬಹಳ ಚೆನ್ನಾಗಿದೆ ಎಂದು ಚಪ್ಪಾಳೆ ಹೊಡೆದ. ಮೈದುನನ ಮುಖ ಒಂದು ಕ್ಷಣ ಹೇಗೋ ಆಯಿತು. ಆಮೇಲೆ ಅವನೂ ಚಪ್ಪಾಳೆ ಹೊಡೆದ, ಎಲ್ಲರಿಗಿಂತ ಜೋರಾಗಿ. ಫೋಟೋ ತೆಗೆಸಿದರು. ಮುಂದಿನ ಸಾಲಿನಲ್ಲಿ ಅತಿಥಿ, ಮೈದುನ, ಕಮಿಟಿ. ಹಿಂದೆ ಹುಡುಗಿಯರ ತಲೆಗಳು. ತುದಿಯಲ್ಲಿ ನನ್ನ ಮಗ, ಆರತಿ ತಾಟು ಹಿಡಿದುಕೊಂಡು. ನಾನು ಇಲ್ಲ. ನನ್ನನ್ನು ಆಗ ಇಬ್ಬರು ಹೆಂಗಸರು ನೆಲದಿಂದ ಎಬ್ಬಿಸುತ್ತಿದ್ದರು.

ಮುಗ್ಗಿನ ಮೊದಲ ಬಹುಮಾನ ವಾರಗಿತ್ತಿಯ ನವಿಲಿಗೆ ಬಂತು. ಹುಡುಗಿಯರ ಕಾಲಿಗೆ ಬಾಲ ಪೂರಾ ಅಳಿಸಿಹೋಗಿತ್ತು. ಬೋಳು ನವಿಲಿಗೇ ಕೊಟ್ಟರು.

ಆ ಫೋಟೋ ಫೋನಿನಿಂದ ಫೋನಿಗೆ ಹೋಯಿತು. ನಮ್ಮ ಕಮಿಟಿಯವರು ಹೆಣ್ಣುಮಕ್ಕಳ ಆಟಕ್ಕೆ ಕೊಟ್ಟ ಪ್ರೋತ್ಸಾಹ ಎಂದು ಕೆಳಗೆ ಬರೆದಿದ್ದರಂತೆ. ದೇವನಕೊಂಡದ ಬೀಗರಾಗಬೇಕಾದವರೂ ನೋಡಿ ಮಗನಿಗೆ ಫೋನ್ ಮಾಡಿದರು, ದೊಡ್ಡವರೆಲ್ಲ ಬಂದಿದ್ದರಲ್ಲ, ನಿಮ್ಮ ಹುಡುಗಿ ಭಲೇ ಎಂದು. ಫೋನಿಟ್ಟು ಮಗ ಒಳಗೆ ಬಂದು, ಓದಿಗೆ ಹೋಗಲಿ ಬಿಡು ಎಂದ.

ನಾನು ರೊಟ್ಟಿ ತಟ್ಟುತ್ತಿದ್ದೆ. ಕೈಯಲ್ಲಿದ್ದ ಹಿಟ್ಟು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಅವಳು ಗರಸು ಹೊತ್ತದ್ದು ಅವನಿಗೆ ಕಾಣಲಿಲ್ಲ. ಅವಳ ಸೀಟಿಗೆ ಇಡೀ ಊರು ಬಾಯಿ ಮುಚ್ಚಿದ್ದು ಅವನ ಕಣ್ಣೆದುರಿಗೇ ಆದದ್ದು, ಅದೂ ಸಾಕಾಗಲಿಲ್ಲ. ಫೋಟೋದಲ್ಲಿ ಮುಂದೆ ನಿಂತ ಗಂಡಸರು ಬೇಕಾದರು. ಮೊಮ್ಮಗಳು ನನ್ನ ಕೈ ಒತ್ತಿ, ಜೇಜಿ, ಆಗಿದ್ದು ಆತಲ್ಲ, ಸುಮ್ನಿರು ಎಂದಳು. ಹಿಟ್ಟನ್ನು ತಟ್ಟಿ ಹೆಂಚಿಗೆ ಹಾಕಿದೆ. ಅವಳು ಆದೋನಿಗೆ ಹೋದಳು. ಕೋರ್ಸು ನಡೆಯುತ್ತಿದೆ, ರಜೆಗೆ ಬರುತ್ತಾಳೆ.

ಈಗ ಮತ್ತೆ ಸಂಕ್ರಾಂತಿ. ಮೊನ್ನೆ ಮೈದುನ ಮನೆಗೆ ಬಂದ. ಈ ಸಲ ಹುಡುಗಿಯರ ಕಬಡ್ಡಿಯನ್ನು ಕಮಿಟಿಯೇ ದೊಡ್ಡದಾಗಿ ಮಾಡಿಸುತ್ತದಂತೆ, ಹಾಲಹರವಿಯಿಂದಲೂ ಒಂದು ತಂಡ ಕರೆಸುತ್ತಾರಂತೆ. ಅಂಕಣದ ಗೆರೆ ನಾನೇ ಎಳೆಯಬೇಕಂತೆ. ಮೊದಲ ಸೀಟಿ ಮಾತ್ರ ಅವನು ಊದುತ್ತಾನಂತೆ.

"ಗೆರಿ ಎಳಿತೀನಿ," ಎಂದೆ. "ಸೀಟಿ ಆಕಿ ಬಂದು ಊದ್ತಾಳ. ನಿನಗೂ ಕೆಲಸ ಐತಿ."

"ಏನ್ರಿ ಅತ್ತಿಗಿ?"

"ಆರತಿ ತಾಟು. ಹೋದ ಸಲ ನನ್ನ ಮಗ ಹಿಡಿದಿದ್ದ. ಈ ಸಲ ನೀನು ಹಿಡಿ."

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ಅವನು ಕುಡಿಯದೆ ಎದ್ದು ಹೋದ.