ಬಕೆಟ್ ಕೆಳಗಿಟ್ಟ ಲೀಡರ್

ನನ್ನ ಮೊಮ್ಮಗಳು ಲೀಡರ್ ಆದ್ಲು! ಇದನ್ನ ಮೊದಲು ಬರೆದುಬಿಡ್ತೀನಿ, ಮಿಕ್ಕಿದ್ದೆಲ್ಲ ಆಮೇಲೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು, ಅಕ್ಷರ ಕೋಳಿ ಕೆದಕಿದ ಹಾಗಿದ್ರೆ ಇರಲಿ.

ಅವಳಿಗೆ ಮದುವೆ ಊಟದ ಕೇಟರಿಂಗ್‌ನಲ್ಲಿ ಕೆಲಸ. ಸೇರಿ ಇನ್ನೂ ವರ್ಷ ತುಂಬಿಲ್ಲ. ಓನರ್ ಕರೆದು, "ವಸಂತಪುರದ ಛತ್ರದ ಮದುವೆ ನೀನು ನೋಡ್ಕೋ. ಸರಿಹೋದ್ರೆ ಬಡಿಸೋ ತಂಡಕ್ಕೆ ನೀನೇ ಲೀಡರ್. ಇಲ್ಲಾಂದ್ರೆ ವಾಪಸ್ ಬಕೆಟ್ ಹಿಡಿ" ಅಂದಿದ್ರು. ತಂಡದಲ್ಲಿ ಮುಕ್ಕಾಲು ಪಾಲು ಮೀಸೆ ನರೆತ ಗಂಡಸರು.

ಕೇಳಿ ನನ್ನ ದೊಡ್ಡ ಮಗ ಕಿಸಕ್ಕಂತ ನಕ್ಕ. "ಸಾರು ಹುಯ್ಯೋಕೂ ಲೀಡರಾ ಅಮ್ಮ? ಉಪ್ಪಿಗೊಬ್ಬ ಮ್ಯಾನೇಜರ್ ಇಲ್ವಾ?" ಆಫೀಸರ್ ಆಗಿ ರಿಟೈರ್ ಆದ ಮಹಾನುಭಾವ! ಕುಡಿದ ಕಾಫಿ ಲೋಟ ಸಿಂಕಿಗೆ ಹಾಕೋದು ಇವನಿಗೆ ಬರಲ್ಲ, ಬೇರೆಯವರ ಕೆಲಸಕ್ಕೆ ಬೆಲೆ ಕಟ್ತಾನೆ.

ಆ ಮದುವೆ ನಮ್ಮ ಪಕ್ಕದ ಮನೆಯವರದ್ದೇ. ಮೊದಲ ಪಂಕ್ತೀಲಿ ನಾನೂ ದೊಡ್ಡ ಮಗನೂ ಕೂತ್ವಿ. ನನ್ನ ಕೂಸು ಏನು ಮಾಡ್ಬೇಕು? ಎಲ್ಲರ ಕೈಯಿಂದ ಬಕೆಟ್ ಕಿತ್ಕೊಂಡು ತಾನೇ ಓಡಾಡ್ತಿದ್ದಾಳೆ! ಈ ಕಡೆ ಎಲೆಗೆ ಪಾಯಸ ಎರಡು ಸಲ, ಆ ತುದೀಲಿ ಅನ್ನಾನೇ ಇಲ್ಲ. ಮೀಸೆಯವರು ಕೈ ಕಟ್ಕೊಂಡು ಮಜಾ ನೋಡ್ತಿದ್ರು. ಅಡುಗೆ ಮನೆ ಬಾಗಿಲಲ್ಲಿ ಓನರ್ ಮುಖ ಹರಳೆಣ್ಣೆ ಕುಡಿದ ಹಾಗಿತ್ತು.

"ನೋಡಮ್ಮ ನಿನ್ನ ಲೀಡರ್‌ನ" ಅಂದ ಮಗ, ಬಾಯ್ತುಂಬ ಹೋಳಿಗೆ ತುಂಬ್ಕೊಂಡು.

"ನೀನು ಮೊದಲು ನುಂಗು" ಅಂದೆ.

ಕೈ ತೊಳೆಯೋ ಜಾಗದಲ್ಲಿ ಅವಳನ್ನ ಹಿಡ್ಕೊಂಡೆ. ಕಣ್ಣಲ್ಲಿ ನೀರು. "ಅಜ್ಜಿ, ಅವ್ರು ನನ್ನ ಮಾತು ಕೇಳಲ್ಲ. ಅದಕ್ಕೇ ನಾನೇ..."

"ನೀನು ಹೇಳಿದ್ರೆ ತಾನೆ ಕೇಳೋದು? ನಮ್ಮ ಕಾಲದಲ್ಲಿ ಪಂಕ್ತಿ ನೋಡ್ಕೊಳ್ಳೋ ಹಿರಿಯರು ಪಾತ್ರೆ ಮುಟ್ತಿರಲಿಲ್ಲ ಕಣೇ. ಹೆಗಲಿಗೊಂದು ಟವೆಲ್ಲು ಹಾಕ್ಕೊಂಡು ತುದೀಲಿ ನಿಲ್ಲೋರು. ಬಕೆಟ್ ಹಿಡಿದೋಳಿಗೆ ಎದುರಿನ ಎಲೆ ಮಾತ್ರ ಕಾಣತ್ತೆ. ಕೆಳಗಿಡು ಅದನ್ನ!"

ಎರಡನೇ ಪಂಕ್ತಿಗೆ ಬರಿಗೈಲಿ ನಿಂತ್ಲು. "ಅಣ್ಣ, ಆ ಮೂಲೆಗೆ ಅನ್ನ. ಮಾವ, ಹುಳಿ ನೀವು ತಗೊಳ್ಳಿ, ನಿಮ್ಮ ಕೈ ಓಡಿದ ಹಾಗೆ ನಮಗೆ ಓಡಲ್ಲ." ಮೀಸೆಯವರು ಮೊದಲು ಗೊಣಗಿದ್ರು, ಆಮೇಲೆ ಓಡಿದ್ರು. ಒಂದು ಎಲೇನೂ ಖಾಲಿ ಬೀಳಲಿಲ್ಲ.

"ಈಗ ಸುಮ್ನೆ ನಿಂತಿದ್ದಾಳೆ, ಇದೂ ಒಂದು ಕೆಲಸಾನಾ?" ಅಂದ ನನ್ನ ಮಗ. ಅಯ್ಯೋ ಪೆದ್ದೇ! ಇಷ್ಟು ವರ್ಷ ಆಫೀಸಲ್ಲಿ ಏನು ಕಡಿದು ಕಟ್ಟೆ ಹಾಕ್ದೆಯೋ.

ಪಂಕ್ತಿ ಎದ್ದ ಮೇಲೆ ಓನರ್ ಬಂದು, "ನಾಳೆಯಿಂದ ತಂಡ ನಿಂದೇ ಕಣಮ್ಮ" ಅಂದ್ರು.

ಸಂಜೆ ಬನಶಂಕರಿಯ ನಮ್ಮ ಮನೇಲಿ ಎಲ್ಲ ಸೇರಿದ್ವಿ. ಮದುವೆ ಊಟದ ಮೇಲೆ ಅನ್ನ, ತಿಳಿಸಾರು ಸಾಕು ಅಂದೆ. ಸೊಸೆಯರು ಅಭ್ಯಾಸದಂತೆ ಸೌಟು ಹಿಡಿದ್ರು. ಮೊಮ್ಮಗಳು ಅವರನ್ನೆಲ್ಲ ಕೂರಿಸಿ, ಸಾರಿನ ಪಾತ್ರೆ ತಗೊಂಡುಹೋಗಿ ನನ್ನ ದೊಡ್ಡ ಮಗನ ಕೈಗೆ ಕೊಟ್ಲು.

"ದೊಡ್ಡಪ್ಪ, ಅಜ್ಜಿ ತಟ್ಟೆಯಿಂದ ಶುರು ಮಾಡಿ."

"ನಾನಾ?"

"ನೀವೇ. ಸೌಟು ಸ್ವಲ್ಪ ಕೆಳಗೆ ಹಿಡೀರಿ, ಚೆಲ್ಲತ್ತೆ."

ಬಡಿಸಿದ! ಎಲ್ಲರಿಗೂ ಬಡಿಸಿ, ಬೆವರು ಒರೆಸ್ಕೊಂಡು, ಕೊನೆಗೆ ನನ್ನ ಪಕ್ಕ ಬಂದು ಕೂತ. ಅವನ ತಟ್ಟೆಗೆ ನಾನೇ ಅನ್ನ ಹಾಕಿದೆ. ಆಮೇಲೆ ಎಲ್ಲ ಒಟ್ಟಿಗೆ ಉಂಡ್ವಿ.