ಓಡಿಸಿ ನೋಡದ ಅಧ್ಯಾಯ

ಗಿರಿಜಾ ಅವರೇ, ನನ್ನ ಕೈಪಿಡಿಯ ಆ ಅಧ್ಯಾಯ ಸುಳ್ಳು. ನಿಮ್ಮಲ್ಲಿದ್ದಂಥ ಯಂತ್ರವನ್ನು ನಾನು ಕಣ್ಣಾರೆ ಕಂಡೇ ಇರಲಿಲ್ಲ — ಆದರೂ ಮೇಲ್ಗಡೆ ‘ಓಡಿಸಿ ನೋಡಲಾಗಿದೆ’ ಎಂದು ಬರೆದೆ.

ಪುಣೆಯ ಸದಾಶಿವ ಪೇಠದ ಬಾಡಿಗೆ ಕೋಣೆಯಲ್ಲಿ ಕಚೇರಿ ಮುಗಿದ ಮೇಲೆ ನನಗಿದ್ದದ್ದು ಆ ಕೈಪಿಡಿಯೊಂದೇ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶವನ್ನು ಮೂಲದಿಂದ, ಒಂದೊಂದೇ ತುಂಡು ಜೋಡಿಸಿ, ತಾವೇ ಕಟ್ಟಿಕೊಳ್ಳುವವರಿಗಾಗಿ ಬರೆದು ಸೈಬರ್ ಕೆಫೆಯಿಂದ ಅಂತರ್ಜಾಲಕ್ಕೆ ಏರಿಸುತ್ತಿದ್ದೆ. ಮೊದಲು ಅದು ಸಾಮಾನ್ಯ ಪಿಸಿಗಳಿಗೆ ಮಾತ್ರ ಇತ್ತು. ಪವರ್‌ಪಿಸಿ ಎಂಬ ಬೇರೆ ಜಾತಿಯ ಪ್ರೊಸೆಸರಿಗೂ ಆಗಬೇಕೆಂಬ ಹಂಬಲ — ದೊಡ್ಡಸ್ತಿಕೆ ಎನ್ನಿ — ನನ್ನದೇ. ಅದಕ್ಕೆ ಬೇಕಾದ್ದನ್ನೆಲ್ಲ ನನ್ನ ಪಿಸಿಯಲ್ಲೇ ಕಟ್ಟಬಹುದಿತ್ತು, ಆದರೆ ಅದರಲ್ಲಿ ಓಡಿಸಲು ಆಗುತ್ತಿರಲಿಲ್ಲ. ಕಟ್ಟುವಾಗ ಒಂದೂ ದೋಷ ಕಾಣಲಿಲ್ಲ, ಅಷ್ಟಕ್ಕೇ ಹಿಗ್ಗಿಹೋದೆ. ಆ ಅಧ್ಯಾಯದಲ್ಲಿ ಯಂತ್ರವನ್ನು ಎಬ್ಬಿಸುವ ಕೊನೆಯ ಹಂತವನ್ನು ಅಲ್ಲಿ ಇಲ್ಲಿ ಓದಿ, ಊಹಿಸಿ ಬರೆದೆ. ಉಪ್ಪು ನೋಡದೆ ಪಂಕ್ತಿಗೆ ಬಡಿಸಿದ ಹಾಗೆ.

ಆಮೇಲೆ ಪುಣೆಯ ಹತ್ತಿರದ ಸಾಸವಡದಿಂದ ನಿಮ್ಮ ಈಮೇಲ್ ಬಂತು. ನೀವು ಅಲ್ಲಿನ ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕಿ. ಯಾರೋ ದಾನ ಕೊಟ್ಟ ಪವರ್‌ಪಿಸಿ ಯಂತ್ರ ಮೂಲೆಯಲ್ಲಿ ಬಿದ್ದಿತ್ತು. ನನ್ನ ಕೈಪಿಡಿ ಹಿಡಿದು ಅದನ್ನು ನಡೆಸಿ ತೋರಿಸುವೆನೆಂದು ಪ್ರಾಚಾರ್ಯರಿಗೆ ಮಾತು ಕೊಟ್ಟಿದ್ದಿರಿ. ವಾರಕ್ಕೆರಡು ಸಲ ಬರೆಯುತ್ತಿದ್ದಿರಿ. ಇಡೀ ಪುಣೆಯಲ್ಲಿ ನನ್ನನ್ನು ‘ಊಟ ಆಯ್ತೇನ್ರಿ’ ಎಂದು ಕೇಳುವವರು ಬೇರೆ ಯಾರೂ ಇರಲಿಲ್ಲ.

ಕೊನೆಯ ಹಂತದಲ್ಲಿ ಯಂತ್ರ ಏಳಲಿಲ್ಲ. ಎರಡು ನೋಟ್‌ಬುಕ್ ತುಂಬ ಬರೆದುಕೊಂಡು ಸ್ವಾರಗೇಟಕ್ಕೆ ಬಂದಿರಿ. ಬಸ್ ನಿಲ್ದಾಣದ ಚಹದಂಗಡಿಯಲ್ಲಿ ನಮ್ಮ ಮೊದಲ ಭೇಟಿ.

“ಸರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದನ್ನ ನೀವು ಖರೇನ ಓಡಿಸಿ ನೋಡೀರೇನ್ರಿ?”

ನಿಜ ಗಂಟಲಿನವರೆಗೆ ಬಂದಿತ್ತು. ಆದರೆ ಅದನ್ನು ಕೇಳಿದ ಮೇಲೆ ನೀವು ಮತ್ತೆ ಬರೆಯುತ್ತಿದ್ದಿರೇ —

“ಹೌದ್ರಿ. ನಮ್ಮ ಕಡೆ ಛಲೋ ಓಡ್ತದ. ನಿಮ್ಮದ ಎಲ್ಲೋ ಕೈ ತಪ್ಪಿರಬೇಕು. ಮೊದಲಿಂದ ಮಾಡ್ರಿ.”

ನಂಬಿದಿರಿ. ಎಲ್ಲ ಅಳಿಸಿ ಮೊದಲಿನಿಂದ ಕಟ್ಟಿದಿರಿ — ಒಂದಲ್ಲ, ಮೂರು ಸಲ. ಲ್ಯಾಬಿನ ಹಳೆಯ ನಿಧಾನ ಪಿಸಿಯಲ್ಲಿ ಪ್ರತಿ ಸಲಕ್ಕೂ ವಾರಗಟ್ಟಲೆ. ದೀಪಾವಳಿಯ ರಜೆಯೂ ಅದಕ್ಕೇ ಹೋಯಿತು. ಕಡೆಗೆ ಪ್ರಾಚಾರ್ಯರು ಆ ಪವರ್‌ಪಿಸಿ ಯಂತ್ರವನ್ನು ಗುಜರಿಗೆ ಹಾಕಿಸಿದರು. ನೀವು ಕೊನೆಯ ಸಲ ಬರೆದಿರಿ: “ಸರ, ನಿಮಗ ಭಾಳ ತ್ರಾಸ ಕೊಟ್ಟೆ. ಇದು ನನ್ನ ತಲಿಗಿ ಹತ್ತೋ ವಿದ್ಯಾ ಅಲ್ಲ. ಲ್ಯಾಬ್ ಬಿಟ್ಟು ಆಫೀಸಿಗೆ ಬದ್ಲಿ ಕೇಳೀನ್ರಿ.”

ಮರುವರ್ಷ ಅಂಥದೇ ಯಂತ್ರವಿದ್ದ ಬೇರೊಬ್ಬರು ತಪ್ಪನ್ನು ತೋರಿಸಿಕೊಟ್ಟರು. ಎರಡೇ ಸಾಲು, ಎರಡೂ ನನ್ನವು. ಸದ್ದಿಲ್ಲದೆ ತಿದ್ದಿದೆ, ನಿಮಗೆ ತಿಳಿಸಲಿಲ್ಲ. ಈಗ ನಿಮ್ಮ ವಿಳಾಸವೂ ನನ್ನಲ್ಲಿಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಕ್ಷಮೆ ಕೇಳಲು ನನಗೆ ಮುಖವಿಲ್ಲ. ಆದರೆ ಇದೊಂದನ್ನು ಮುಚ್ಚಿಟ್ಟರೆ ಇಷ್ಟು ಹೇಳಿಯೂ ವ್ಯರ್ಥ — ನಿಮ್ಮ ಆ ಕೊನೆಯ ಪತ್ರ ಓದಿದಾಗ ನನಗೆ ದುಃಖವಾಗಲಿಲ್ಲ. ಸದ್ಯ, ಸಿಕ್ಕಿಬೀಳಲಿಲ್ಲ ಎಂದು ಸಮಾಧಾನವಾಯಿತು.